ಪ್ರೊಸೀಜರ್ ಬುಕ್ಕಲ್ಲಿ ‘ಪ್ರೈವಸಿ ಕೊಡಲಾಗಿದೆ’ ಅಂತಿತ್ತು: ವಾರ್ಡಲ್ಲಿ ಕರುಣೆ ಕಲಿಸೋಕೆ ಹೊರಟ ಒಂದು ಪ್ರಕರಣ

ಇದು ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯ ಹೆಂಗಸರ ಮೆಡಿಕಲ್ ವಾರ್ಡಲ್ಲಿ ನಡೆದಿದ್ದು. ಊರು, ಕಾಲೇಜು, ವರ್ಷ ಯಾವ್ದನ್ನೂ ಹೇಳಲ್ಲ, ಗುರುತು ಸಿಗಬಾರ್ದು ಅಂತ ಕೆಲವು ಸಣ್ಣ ವಿವರ ಬದಲಾಯಿಸಿದೀನಿ. ವಿದ್ಯಾರ್ಥಿನಿಯನ್ನ ‘ಸ’ ಅಂತ ಕರೀತೀನಿ, ಅವಳ ಜೊತೆಗಿದ್ದ ಗೆಳತಿಯನ್ನ ‘ರ’ ಅಂತ, ಪೇಶೆಂಟನ್ನ ಬರೀ ಅಜ್ಜಿ ಅಂತ. ನಾನು ಆ ಪೋಸ್ಟಿಂಗಿನ, ಅಂದ್ರೆ ವಿದ್ಯಾರ್ಥಿನಿಯರು ವಾರ್ಡಲ್ಲಿ ಕೆಲಸ ಮಾಡ್ತಾ ಕಲಿಯೋ ಅವಧಿಯ, ಕ್ಲಿನಿಕಲ್ ಟ್ಯೂಟರ್. ಬರೀಬಹುದಾ ಅಂತ ಸ ಹತ್ರ ಕೇಳಿ, ಅವಳು ಓದಿ ಒಪ್ಪಿದ್ಮೇಲೆ ಇದನ್ನ ಹಾಕ್ತಿದೀನಿ. ನರ್ಸಿಂಗ್ ಕಲಿಸೋ ಬೇರೆಯವ್ರಿಗೆ, ವಾರ್ಡ್ ಇನ್‌ಚಾರ್ಜ್ ಆಗಿರೋ ಸಿಸ್ಟರ್‌ಗಳಿಗೆ ಉಪಯೋಗ ಆಗ್ಬೋದು ಅನ್ನೋ ಆಸೆ.

ಹಿನ್ನೆಲೆ

ಮೂರನೇ ಸೆಮಿಸ್ಟರಿನ ಬಿಎಸ್ಸಿ ನರ್ಸಿಂಗ್ ಬ್ಯಾಚು. 2021ರಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೊಸ ಸಿಲಬಸ್ ತಂದು ಕೋರ್ಸನ್ನ ಎಂಟು ಸೆಮಿಸ್ಟರ್ ಮಾಡ್ತು, ಅದರ ಪ್ರಕಾರ ಅಡಲ್ಟ್ ಹೆಲ್ತ್ ನರ್ಸಿಂಗ್ ಶುರುವಾಗೋದು ಮೂರನೇ ಸೆಮಿಸ್ಟರಲ್ಲಿ. ಅಂದ್ರೆ ಮೊದಲ ವರ್ಷ ಬೆಡ್ ಮೇಕಿಂಗ್, ಸ್ಪಾಂಜ್ ಬಾತ್ (ಹಾಸಿಗೇಲೇ ಮೈ ಒರೆಸೋದು), ವಿಟಲ್ಸ್ (ಬಿಪಿ, ನಾಡಿ, ಜ್ವರ ನೋಡೋದು) ಅಂತ ಕಲಿತ ಹತ್ತೊಂಬತ್ತು ವರ್ಷದ ಹುಡುಗೀರು ಈಗ ಲಕ್ವ ಹೊಡೆದೋರು, ಲಿವರ್ ಹೋದೋರು, ಸಾಯೋಕೆ ಹತ್ತಿರ ಇರೋರು ತುಂಬಿರೋ ವಾರ್ಡಲ್ಲಿ ನಿಲ್ತಾರೆ.

ಸ ರೈತರ ಮನೆ ಹುಡುಗಿ, ಅವರ ಮನೇಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೇಳು. ಸ್ಕಿಲ್ ಲ್ಯಾಬಲ್ಲಿ ಅವಳದ್ದೇ ಮೊದಲ ನಂಬರ್, ಮ್ಯಾನಿಕಿನ್ (ಅಭ್ಯಾಸದ ಗೊಂಬೆ) ಮೇಲೆ ಸ್ಪಾಂಜ್ ಬಾತ್ ಮಾಡಿ ತೋರಿಸಿದ್ರೆ ಒಂದು ಹೆಜ್ಜೆ ತಪ್ಪಲ್ಲ, ಕಣ್ಣಿಂದ ಶುರು ಮಾಡಿ ಯಾವ ಕ್ರಮದಲ್ಲಿ ಒರೆಸ್ಬೇಕು, ನೀರು ಯಾವಾಗ ಬದಲಾಯಿಸ್ಬೇಕು ಎಲ್ಲ ಬಾಯಿಪಾಠ. ನಮ್ಮಲ್ಲಿ ಪ್ರತಿ ಪ್ರೊಸೀಜರಿನ ಮೊದಲ ಸಾಲುಗಳು ಒಂದೇ ತರ ಇರ್ತವೆ, ಪೇಶೆಂಟನ್ನ ಗುರುತಿಸು, ಏನು ಮಾಡ್ತೀನಿ ಅಂತ ವಿವರಿಸು, ಪ್ರೈವಸಿ ಕೊಡು, ಕೈ ತೊಳಿ. ಲ್ಯಾಬಲ್ಲಿ ಅದನ್ನ ಬಾಯಲ್ಲಿ ಹೇಳಿದ್ರೆ ಸಾಕು, ಮಾರ್ಕ್ಸ್ ಬೀಳುತ್ತೆ. ‘ಐ ಆಮ್ ಪ್ರೊವೈಡಿಂಗ್ ಪ್ರೈವಸಿ ಮೇಡಂ’ ಅಂತ ಗೋಡೆ ಕಡೆ ಕೈ ತೋರಿಸಿ ಮುಂದಕ್ಕೆ ಹೋಗ್ತಾರೆ.

ವಾರ್ಡಲ್ಲಿ ಬೆಳಗಿನ ಕೆಲಸ ಹಂಚೋದು ಹೀಗೆ: ಇಬ್ಬರು ಎಲ್ಲರ ಬಿಪಿ, ಇಬ್ಬರು ಟೆಂಪರೇಚರ್, ಇಬ್ಬರು ಬೆಡ್ ಮೇಕಿಂಗ್, ಇನ್ನಿಬ್ಬರು ಎದ್ದೇಳೋಕಾಗದೋರ ಸ್ಪಾಂಜ್ ಬಾತ್. ಮ್ಯಾನೇಜ್‌ಮೆಂಟ್ ಪಾಠದಲ್ಲಿ ಇದಕ್ಕೆ ಫಂಕ್ಷನಲ್ ಅಸೈನ್‌ಮೆಂಟ್ ಅಂತಾರೆ. ಸ್ಟಾಫ್ ಕಮ್ಮಿ ಇರೋ ಕಡೆ ಕೆಲಸ ಬೇಗ ಮುಗಿಯೋದು ಹೀಗೇನೆ, ಅದಕ್ಕೇ ಎಲ್ಲಾ ಕಡೆ ಇದೇ ನಡೆಯುತ್ತೆ. ಡಾಕ್ಟರ್ ರೌಂಡ್ಸ್‌ಗೆ ಮುಂಚೆ ವಾರ್ಡ್ ‘ರೆಡಿ’ ಇರ್ಬೇಕು. ಟೀಚರ್ ಒಬ್ರಿಗೆ ಹತ್ತು ಸ್ಟೂಡೆಂಟ್ಸ್ ಅನ್ನೋದು ಕೌನ್ಸಿಲ್ಲಿನ ನಾರ್ಮು, ಆದ್ರೆ ಆ ತಿಂಗಳು ಎರಡು ವಾರ್ಡಿನ ಹುಡುಗೀರನ್ನ ನೋಡೋಕೆ ಇದ್ದಿದ್ದು ನಾನೊಬ್ಬಳೇ.

ಏನಾಯ್ತು

ಅಜ್ಜಿಗೆ ಎಪ್ಪತ್ತು ದಾಟಿತ್ತು. ಸ್ಟ್ರೋಕ್ ಆಗಿ ಎಡಗಡೆ ಕೈಕಾಲು ಬಿದ್ದುಹೋಗಿತ್ತು, ಮಾತು ಸ್ವಲ್ಪ ತೊದಲ್ತಿತ್ತು ಆದ್ರೆ ಎಲ್ಲ ತಿಳೀತಿತ್ತು, ಯೂರಿನ್‌ಗೆ ಕ್ಯಾಥೆಟರ್ ಹಾಕಿದ್ರು. ಸ ಮತ್ತು ರ ಇಬ್ರೂ ಸೇರಿ ಸ್ಪಾಂಜ್ ಬಾತ್ ಕೊಟ್ರು. ಮಧ್ಯಾಹ್ನ ಮಗಳು ನನ್ನ ಹತ್ರ ಬಂದ್ರು. ಅಳ್ತಿರ್ಲಿಲ್ಲ, ಕೂಗಾಡ್ಲೂ ಇಲ್ಲ, ಮೆಲ್ಲಗೆ ಹೇಳಿದ್ರು: “ಮೇಡಂ, ನಮ್ಮವ್ವನ ಮೈ ಒರಸುವಾಗ ಪರದಿ ಇರ್ಲಿಲ್ರಿ, ಆಚಿ ಕಾಟಿನವರನ್ನ ನೋಡಾಕ ಬಂದ ಗಂಡಸ್ರು ಅಲ್ಲೇ ನಿಂತಿದ್ರು. ಇವ್ರಿಬ್ರೂ ಹಾಸ್ಟೆಲ್ ಊಟದ ಮಾತಾಡ್ಕೋಂತ ನಗಾಕತ್ತಿದ್ರು. ನಮ್ಮವ್ವ ಆವಾಗಿಂದ ಗ್ವಾಡಿ ಕಡೆ ಮುಖ ಮಾಡಿ ಮಲಗ್ಯಾಳ. ಆಕಿ ಮನಷ್ಯಾಳು ಅಲ್ಲೇನ್ರಿ?”

ಸ ಬರೆದ ಪ್ರೊಸೀಜರ್ ಬುಕ್, ಅಂದ್ರೆ ಮಾಡಿದ ಕೆಲಸ ಬರೆದು ಟೀಚರ್ ಸೈನ್ ಹಾಕಿಸ್ಕೊಳ್ಳೋ ಪುಸ್ತಕ, ತೆಗೆದು ನೋಡ್ದೆ. ಪ್ರೈವಸಿ ಕೊಡಲಾಗಿದೆ ಅಂತ ನೀಟಾಗಿ ಇಂಗ್ಲಿಷಲ್ಲಿ ಬರೆದಿತ್ತು. ಕೇಳಿದ್ದಕ್ಕೆ ಅವಳು ಸುಳ್ಳು ಹೇಳೋಕೆ ಹೋಗ್ಲಿಲ್ಲ, “ಎಲ್ರೂ ಹಂಗೇ ಬರೀತೀವಿ ಮೇಡಂ, ಫಾರ್ಮ್ಯಾಟ್ ಅದು” ಅಂದ್ಲು. ಈ ಒಂದು ಮಾತು ನನ್ನ ತಲೇಲಿ ಕೂತ್ಬಿಡ್ತು.

ಮೊದಲ ನಿರ್ಧಾರ

ಡಿಪಾರ್ಟ್‌ಮೆಂಟಲ್ಲಿ ಎರಡು ಅಭಿಪ್ರಾಯ ಇತ್ತು. ಇಬ್ಬರನ್ನೂ ಪೋಸ್ಟಿಂಗಿಂದ ತೆಗೆದು ಪೇರೆಂಟ್ಸನ್ನ ಕರೆಸ್ಬೇಕು ಅಂತ ಹಿರಿಯರು ಒಬ್ರು. ವಾರ್ಡಲ್ಲೇ ಇಟ್ಕೊಂಡು ಸರಿ ಮಾಡ್ಬೇಕು ಅಂತ ನಾನು. ನನ್ನ ವಾದ ಸರಳವಾಗಿತ್ತು. ಇಂಜೆಕ್ಷನ್ ಕೊಡೋಕೆ ಬರ್ದಿರೋಳನ್ನ ನಾವು ವಾರ್ಡಿಂದ ಆಚೆ ಹಾಕಲ್ಲ, ಪಕ್ಕದಲ್ಲಿ ನಿಂತು ಮತ್ತೆ ಮಾಡಿಸ್ತೀವಿ, ಇದನ್ನೂ ಹಾಗೇ ನೋಡೋಣ, ಇದೂ ಕಲಿಯೋ ವಿಷಯ ಅಂತ ಒಪ್ಕೊಂಡ್ರೆ ಕಲಿಸೋ ಜಾಗ ವಾರ್ಡೇ. ಮನೆಗೆ ಕಳಿಸಿದ್ರೆ ಅವಳು ಕಲಿಯೋದು ಒಂದೇ, ಇನ್ನೊಂದ್ಸಲ ಸಿಕ್ಕಿಬೀಳಬಾರ್ದು ಅಂತ. ಪ್ರಿನ್ಸಿಪಾಲ್ ಒಪ್ಪಿದ್ರು, ಒಂದು ಷರತ್ತು ಹಾಕಿದ್ರು: ಇಡೀ ಬ್ಯಾಚಿಗೆ ಏನಾದ್ರೂ ಮಾಡಿ.

ಅದೇ ದಿನ ನಾನು, ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಇಬ್ರೂ ಹೋಗಿ ಅಜ್ಜಿಗೂ ಮಗಳಿಗೂ ಕ್ಷಮೆ ಕೇಳಿದ್ವಿ. ಹುಡುಗೀರನ್ನ ಕರ್ಕೊಂಡು ಹೋಗಿ ಎಲ್ಲರ ಮುಂದೆ ಸಾರಿ ಹೇಳ್ಸೋದು ಬೇಡ ಅಂತ ಬೇಕಂತಲೇ ಬಿಟ್ವಿ, ಯಾಕಂದ್ರೆ ಆ ಹೊತ್ತಲ್ಲಿ ಅಜ್ಜಿಗೆ ಇನ್ನೊಂದು ಗುಂಪು ಬಂದು ಕಾಟಿನ ಸುತ್ತ ನಿಲ್ಲೋದೇ ಹಿಂಸೆ ಆಗ್ತಿತ್ತು.

ಮಾಡಿ ನೋಡಿದ್ದು

ಮೊದಲು ಒಂದು ಲೆಕ್ಚರ್. ಆಧುನಿಕ ನರ್ಸಿಂಗಿಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಕಥೆ, ದೀಪ ಹಿಡ್ಕೊಂಡು ಮಾಡಿದ ಪ್ರತಿಜ್ಞೆ ನೆನಪಿಸೋದು. ನಮ್ಮ ಕಾಲೇಜುಗಳ ಲ್ಯಾಂಪ್ ಲೈಟಿಂಗಲ್ಲಿ ಹೇಳಿಸೋ ನೈಟಿಂಗೇಲ್ ಪ್ರತಿಜ್ಞೆ ಅವರು ಬರೆದದ್ದಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯ್ಟಲ್ಲಿ ಲಿಸ್ಟ್ರಾ ಗ್ರೆಟರ್ ಅನ್ನೋರ ನೇತೃತ್ವದಲ್ಲಿ ಒಂದು ಸಮಿತಿ ಬರೆದದ್ದು. ಹುಡುಗೀರು ಸುಮ್ಮನೆ ಕೂತು ಕೇಳಿದ್ರು, ಕೆಲವ್ರು ಕಣ್ಣೀರೂ ಹಾಕಿದ್ರು, ಮಾರನೇ ದಿನ ವಾರ್ಡಲ್ಲಿ ಏನೂ ಬದಲಾಗಿರ್ಲಿಲ್ಲ.

ಆಮೇಲೆ ಚೆಕ್‌ಲಿಸ್ಟ್. ಇಂಗ್ಲೆಂಡಲ್ಲಿ 2012ರ ಡಿಸೆಂಬರಲ್ಲಿ ಎನ್‌ಎಚ್‌ಎಸ್ ನರ್ಸ್‌ಗಳಿಗೆ ಅಂತ ಆರು ‘ಸಿ’ಗಳನ್ನ ಮುಂದಿಟ್ಟಿದ್ರು: ಕೇರ್, ಕಂಪ್ಯಾಷನ್, ಕಾಂಪಿಟೆನ್ಸ್, ಕಮ್ಯುನಿಕೇಶನ್, ಕರೇಜ್, ಕಮಿಟ್‌ಮೆಂಟ್. ಅದನ್ನಿಟ್ಕೊಂಡು ಡಿಪಾರ್ಟ್‌ಮೆಂಟಿನವ್ರು ಹತ್ತು ಪಾಯಿಂಟಿನ ಒಂದು ಶೀಟ್ ಮಾಡಿದ್ರು, ನಗುಮುಖದಿಂದ ಮಾತಾಡಿಸಿದ್ಲಾ, ಹೆಸರು ಹಿಡಿದು ಕರೆದ್ಲಾ, ಹೇಗಿದೀರಾ ಅಂತ ವಿಚಾರಿಸಿದ್ಲಾ, ಹೀಗೆ, ಪ್ರತಿಯೊಂದಕ್ಕೂ ಒಂದು ಮಾರ್ಕ್ಸು. ಎರಡನೇ ವಾರಕ್ಕೆ ಬ್ಯಾಚಿಗೆ ಬ್ಯಾಚೇ ಹತ್ತಕ್ಕೆ ಒಂಬತ್ತು ತಗೋತಿತ್ತು. ಶೀಟ್ ನೋಡಿದ್ರೆ ಗೆದ್ವಿ ಅನ್ಸುತ್ತೆ. ಆದ್ರೆ ವರಾಂಡದಲ್ಲಿ ನಡೀತಾ ಹೋದಾಗ ಪಕ್ಕದ ಗಂಡಸರ ವಾರ್ಡಿನ ಒಬ್ಬ ಹಿರಿಯ ಪೇಶೆಂಟು ನನ್ನ ನಿಲ್ಸಿ ಹೇಳಿದ್ರು: “ಮುಂಜಾನಿಂದ ನಾಕ್ ಮಂದಿ ಹುಡುಗ್ಯಾರು ಬಂದು ಹೆಂಗದೀರಿ ಹೆಂಗದೀರಿ ಅಂತ ಕೇಳಿ ಹೋದ್ರಿ. ಹೆಂಗದೀನಿ ಅಂತ ಹೇಳಾಕ ಬಾಯಿ ತಗಿಯೂದ್ರಾಗ ಆ ಕಡಿ ಕಾಟಿಗೆ ಹೋಗಿರ್ತಾರ.” ಇದನ್ನ ಡಿಪಾರ್ಟ್‌ಮೆಂಟ್ ಮೀಟಿಂಗಲ್ಲಿ ಹಾಗೇ ಹೇಳ್ದೆ. ಶೀಟು ಅಲ್ಲಿಗೆ ನಿಂತ್ತು.

ತಿರುವು

ಆಮೇಲೆ ನಾನು ಸ ಹಿಂದೆ ಬೆಳಿಗ್ಗೆಯಿಂದ ಸುಮ್ಮನೆ ನಡೆದೆ. ಏನೂ ಹೇಳ್ಕೊಡೋಕೆ ಹೋಗದೆ, ಅವಳಿಗೆ ಎಷ್ಟು ಹೊತ್ತು ಸಿಗುತ್ತೆ, ಯಾರು ಏನು ಹೇಳ್ತಾರೆ, ಸಾಮಾನು ಎಲ್ಲಿರುತ್ತೆ ಅಂತ ಬರೀ ನೋಡೋದು. ಎರಡು ಸಂಗತಿ ಕಂಡವು, ಎರಡೂ ಲೆಕ್ಚರಲ್ಲಿ ಬರೋಂಥವಲ್ಲ.

ಒಂದು, ಪರದೆ. ಮೂವತ್ತು ಕಾಟಿನ ವಾರ್ಡಿಗೆ ಸ್ಟ್ಯಾಂಡ್ ಸ್ಕ್ರೀನ್ ಇದ್ದಿದ್ದೇ ಎರಡು. ಒಂದರ ಚಕ್ರ ಮುರಿದು ಸ್ಟೋರಲ್ಲಿ ಬಿದ್ದಿತ್ತು, ಇನ್ನೊಂದು ಬೆಳಗಿನ ಹೊತ್ತು ಡ್ರೆಸಿಂಗ್ ನಡಿಯೋ ಕಡೆ. ಸ್ಪಾಂಜ್ ಬಾತಿನ ಇಬ್ಬರು ಹುಡುಗೀರಿಗೆ ರೌಂಡ್ಸ್ ಒಳಗೆ ಆರು ಏಳು ಪೇಶೆಂಟ್ ಮುಗಿಸ್ಬೇಕು, ಆ ಕಡೆಯಿಂದ ಸ್ಟಾಫ್ ಸಿಸ್ಟರ್ “ಆಯ್ತಾ, ಆಯ್ತಾ” ಅಂತಿರ್ತಾರೆ, ಅವ್ರಿಗೂ ಅವ್ರ ಒತ್ತಡ. ಯಾವ ಹತ್ತೊಂಬತ್ತರ ಹುಡುಗಿ ಡ್ರೆಸಿಂಗ್ ಮಾಡ್ತಿರೋ ಸೀನಿಯರ್ ಹತ್ರ ಹೋಗಿ ಸ್ಕ್ರೀನ್ ಕೊಡಿ ಅಂತ ಕೇಳ್ತಾಳೆ? ಕೇಳದೇ ಇರೋದನ್ನ ಒಂದು ವಾರದಲ್ಲಿ ಕಲೀತಾಳೆ, ಎರಡನೇ ವಾರಕ್ಕೆ ಪರದೆ ಇಲ್ಲ ಅನ್ನೋದೇ ಕಣ್ಣಿಗೆ ಬೀಳಲ್ಲ. ಇದನ್ನ ನೋಡಿದ್ಮೇಲೆ ನನಗೆ ‘ಇವಳಿಗೆ ಕರುಣೆ ಇಲ್ಲ’ ಅನ್ನೋ ಮಾತು ಬಾಯಿಗೆ ಬರೋದೇ ನಿಂತ್ತು. ಇಟ್ಕೊಳ್ಳೋಕೆ ಜಾಗವೇ ಇರ್ಲಿಲ್ಲ ಆ ಬೆಳಗಿನಲ್ಲಿ.

ಎರಡನೇದು ಪೋಸ್ಟ್ ಕಾನ್ಫರೆನ್ಸಲ್ಲಿ, ಅಂದ್ರೆ ವಾರ್ಡ್ ಕೆಲಸ ಮುಗಿದ್ಮೇಲೆ ಕೂತು ಮಾತಾಡೋ ಹೊತ್ತಲ್ಲಿ, ಹೊರಗೆ ಬಂತು. ಇನ್‌ಚಾರ್ಜ್ ಸಿಸ್ಟರನ್ನ ಹುಡುಗೀರ ಜೊತೆ ಸ್ವಲ್ಪ ಹೊತ್ತು ಕೂರೋಕೆ ಕರ್ದಿದ್ದೆ. ಇಪ್ಪತ್ತೈದು ವರ್ಷದ ಸರ್ವಿಸ್, ಮಾತು ಒರಟು, ಕೈ ಮೃದು. ಅವ್ರು ಶುರು ಮಾಡಿದ್ದೇ ಹೀಗೆ: “ನನಗ ಇವತ್ತಿಗೂ ಬೆಡ್‌ಸೋರ್ ವಾಸನಿ ತಡಿಯಾಕ ಆಗೂದಿಲ್ಲ. ಮಾಸ್ಕ್ ಒಳಗ ಮೂಗಿನ ಕೆಳಗ ವಿಕ್ಸ್ ಹಚ್ಕೊಂಡು ಹೋಗ್ತೀನಿ. ಆದ್ರ ಮಾರಿ ಸಿಂಡರಸಂಗಿಲ್ಲ, ಅವ್ರು ನಮ್ಮ ಮಾರೀನ ನೋಡ್ತಿರ್ತಾರ.” ಆ ಮಾತು ಆದ್ಮೇಲೆ ಒಂದೆರಡು ನಿಮಿಷ ಯಾರೂ ಮಾತಾಡ್ಲಿಲ್ಲ, ಆಮೇಲೆ ಸ ಬಾಯಿಬಿಟ್ಲು. ಮೊದಲನೇ ಪೋಸ್ಟಿಂಗಲ್ಲಿ ಒಬ್ಬ ಪೇಶೆಂಟನ್ನ ಕ್ಲೀನ್ ಮಾಡುವಾಗ ಅವಳು ವಾಂತಿ ಮಾಡ್ಕೊಂಡಿದ್ಲಂತೆ, ಸೀನಿಯರ್ಸ್ ಹಾಸ್ಟೆಲ್ ತುಂಬಾ ಹೇಳ್ಕೊಂಡು ನಕ್ಕಿದ್ರಂತೆ. ಅವತ್ತಿಂದ ಅವಳು ಇಂಥ ಕೆಲಸಕ್ಕೆ ರ ಇಲ್ಲದೆ ಹೋಗ್ತಿರ್ಲಿಲ್ಲ. ಮಾಡುವಾಗ ಬೇರೆ ಏನಾದ್ರೂ ಮಾತಾಡ್ತಿದ್ರೆ ಕೈ ತಾನಾಗೇ ಕೆಲಸ ಮಾಡುತ್ತೆ, ನೋಡೋ ಹಾಗೇ ಇರಲ್ಲ. ಹಾಸ್ಟೆಲ್ ಊಟದ ಮಾತು, ಆ ನಗು, ಅದೆಲ್ಲ ಅಲ್ಲಿಂದ ಬಂದದ್ದು.

ಇದು ಅವಳೊಬ್ಬಳ ಕಥೆ ಅಲ್ಲ. 1960ರಲ್ಲಿ ಇಸಬೆಲ್ ಮೆಂಜೀಸ್ ಅನ್ನೋ ಮನೋವಿಶ್ಲೇಷಕಿ ಲಂಡನ್ನಿನ ಒಂದು ದೊಡ್ಡ ಟೀಚಿಂಗ್ ಹಾಸ್ಪಿಟಲಿನ ನರ್ಸಿಂಗ್ ವ್ಯವಸ್ಥೆ ಬಗ್ಗೆ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತ್ತು. ಒಬ್ಬ ನರ್ಸು ಒಬ್ಬ ಪೇಶೆಂಟಿನ ಎಲ್ಲ ಕೆಲಸ ಮಾಡೋ ಬದಲು ತುಂಬಾ ಪೇಶೆಂಟುಗಳ ಒಂದೊಂದು ಕೆಲಸ ಮಾಡೋದು, ಹೆಸರಿನ ಬದಲು ಬೆಡ್ ನಂಬರ್, ಕಾಯಿಲೆ, ಅಂಗದ ಹೆಸರಲ್ಲಿ ಕರೆಯೋದು, ಇದೆಲ್ಲ ನೋವಿನ ಹತ್ತಿರ ಹೋಗೋ ಭಯದಿಂದ ಕಾಪಾಡ್ಕೊಳ್ಳೋಕೆ ಆಸ್ಪತ್ರೆಯೇ ಕಟ್ಕೊಂಡ ಗೋಡೆ ಅಂತ. ನಮ್ಮ ವಾರ್ಡಲ್ಲಿ ‘ಹನ್ನೆರಡನೇ ಬೆಡ್ ಸಿವಿಎ’ (ಸಿವಿಎ ಅಂದ್ರೆ ಸ್ಟ್ರೋಕ್) ಅಂತ ಕರೀತಿದ್ದದ್ದು ಅಜ್ಜಿಯನ್ನೇ.

ಬದಲಾಯಿಸಿದ್ದು

ಇಲ್ಲಿಂದ ದಾರಿ ಬೇರೆ ಆಯ್ತು. ಹುಡುಗೀರ ಮನಸ್ಸಿಗೆ ಏನೋ ಸೇರಿಸೋ ಕೆಲಸ ಬಿಟ್ಟು ಬೆಳಗಿನ ಹಂಚಿಕೇನೇ ಬದಲಾಯಿಸೋಣ ಅಂತ ಇನ್‌ಚಾರ್ಜ್ ಸಿಸ್ಟರ್ ಮುಂದೆ ಇಟ್ಟೆ. ಪ್ರತಿ ಹುಡುಗಿಗೆ ಇಬ್ಬರು ಪೇಶೆಂಟ್, ಬಂದಾಗಿಂದ ಹೋಗೋವರೆಗೂ ಅವರ ಎಲ್ಲ ಕೆಲಸ ಅವಳದ್ದೇ, ಬಿಪಿಯಿಂದ ಬೆಡ್ ಪ್ಯಾನ್‌ವರೆಗೂ. ಪೇಶೆಂಟ್ ಅಸೈನ್‌ಮೆಂಟ್, ಪುಸ್ತಕದಲ್ಲಿ ಎಲ್ರೂ ಓದಿರೋದೇ. ಸಿಸ್ಟರ್ ಉತ್ತರ ನೇರವಾಗಿತ್ತು: “ನಿಮ್ಮ ಹುಡುಗ್ಯಾರು ಇಬ್ಬಿಬ್ರನ್ನ ಹಿಡ್ಕೊಂಡು ಕುಂತ್ರ ಉಳಿದವ್ರನ್ನ ಯಾರು ನೋಡಬೇಕ್ರಿ ಮೇಡಂ?” ಈ ಪ್ರಶ್ನೇಲಿ ಸತ್ಯ ಇದೆ, ಅದನ್ನ ಮುಚ್ಚಿಡಬಾರ್ದು. ನಮ್ಮ ಸುಮಾರು ವಾರ್ಡ್‌ಗಳು ಓಡ್ತಿರೋದೇ ಸ್ಟೂಡೆಂಟ್ಸ್ ಕೈಯಿಂದ. ಕೊನೆಗೆ ರಾಜಿ ಆಯ್ತು: ಹಾಸಿಗೆ ಹಿಡಿದೋರನ್ನೆಲ್ಲ ಹುಡುಗೀರಿಗೆ ಹಂಚೋದು, ಓಡಾಡೋ ಪೇಶೆಂಟುಗಳ ವಿಟಲ್ಸ್ ಮೊದಲಿನ ಹಾಗೇ, ಸ್ಪಾಂಜ್ ಬಾತ್ ರೌಂಡ್ಸ್ ಒಳಗೆ ಮುಗೀಲೇಬೇಕು ಅನ್ನೋದು ಇಲ್ಲ, ಅರ್ಧ ಆಮೇಲೆ ಮಾಡಿದ್ರೂ ನಡೆಯುತ್ತೆ. ಡಾಕ್ಟರ್‌ಗಳಿಗೆ ಸಿಸ್ಟರೇ ಹೇಳಿದ್ರು, ಯಾರೂ ತಕರಾರು ಮಾಡ್ಲಿಲ್ಲ.

ಪರದೆಗೆ ಇಂಡೆಂಟ್ (ಸಾಮಾನಿನ ಬೇಡಿಕೆ ಪತ್ರ) ಹಾಕಿ ಕಾಯೋ ಬದಲು ವಾರ್ಡಿನ ಆಯಾ ಒಂದು ಉಪಾಯ ಮಾಡಿದ್ರು, ಓಟಿಯಿಂದ ತೆಗೆದುಹಾಕಿದ ಹಸಿರು ಬಟ್ಟೆಗಳನ್ನ ಒಗೆಸಿ, ಜೋಡಿಸಿ ಹೊಲಿದು, ಗೋಡೆಯ ಮೊಳೆಯಿಂದ ಕಿಟಕಿ ಸರಳಿಗೆ ಹಗ್ಗ ಕಟ್ಟಿ ಎಳೆಯೋ ಹಾಗೆ. ನೋಡೋಕೆ ಚೆಂದ ಇರ್ಲಿಲ್ಲ, ಕೆಲಸ ಆಗ್ತಿತ್ತು.

ಇನ್ನೊಂದು ಸಣ್ಣ ನಿಯಮ ಮಾಡಿದ್ವಿ: ಪೇಶೆಂಟ್ ಹತ್ರ ಹೋದ್ಮೇಲೆ ಕೈಗೆ ಏನಾದ್ರೂ ತಗೊಳ್ಳೋಕೆ ಮುಂಚೆ ಸ್ಟೂಲ್ ಎಳ್ಕೊಂಡು ಕೂರ್ಬೇಕು, ಅವ್ರ ಕಣ್ಣಿಗೆ ಕಾಣೋ ಕಡೆ. ಇದು ನೈಟಿಂಗೇಲ್ ಅವ್ರು 1859ರಲ್ಲೇ ಹೇಳಿದ್ದು, ರೋಗಿ ಕತ್ತು ತಿರುಗಿಸೋ ಕಷ್ಟ ಪಡದ ಹಾಗೆ ಎದುರಿಗೆ ಕೂರಿ ಅಂತ, ರೋಗಿಯ ಕೋಣೇಲಿ ತಮ್ಮತಮ್ಮಲ್ಲೇ ಪಿಸುಮಾತು ಆಡೋದು ಕ್ರೌರ್ಯ ಅಂತಲೂ. ದೀಪದ ಕಥೆಗಿಂತ ಈ ಎರಡು ಮಾತು ಹುಡುಗೀರಿಗೆ ಹೆಚ್ಚು ಹಿಡಿಸ್ತು, ಮಾಡಬಹುದಾದ ಕೆಲಸ ಅಲ್ವಾ ಅದು. ಪೋಸ್ಟ್ ಕಾನ್ಫರೆನ್ಸಲ್ಲಿ ಎಷ್ಟು ಪ್ರೊಸೀಜರ್ ಮಾಡಿದ್ರಿ ಅಂತ ಕೇಳೋದು ನಿಲ್ಸಿ, ಕೇಸ್ ಶೀಟಲ್ಲಿ ಇಲ್ಲದ ಯಾವ ವಿಷಯ ನಿಮ್ಮ ಪೇಶೆಂಟಿಂದ ಗೊತ್ತಾಯ್ತು ಅಂತ ಕೇಳೋಕೆ ಶುರು ಮಾಡ್ದೆ. ವಾಸನೆ, ಭಯ, ಹೇಸಿಗೆ ಅನ್ಸಿದ್ದನ್ನ ಅಲ್ಲಿ ಹೇಳ್ಕೋಬಹುದು, ಹೇಳಿದ್ದು ಆ ರೂಮಿಂದ ಹೊರಗೆ ಹೋಗಬಾರ್ದು.

ಸ ಮತ್ತು ಅಜ್ಜಿ

ಸ ಅನ್ನ ಅದೇ ಅಜ್ಜಿಗೆ ಹಾಕ್ಬೇಕಾ ಬೇಡ್ವಾ? ನಾನು ತುಂಬಾ ಯೋಚನೆ ಮಾಡಿದ್ದು ಇದರ ಬಗ್ಗೆನೇ. ವಿದ್ಯಾರ್ಥಿನಿ ಕಲಿಕೆಗೆ ಅಂತ ಒಬ್ಬ ಪೇಶೆಂಟಿಗೆ ಮತ್ತೆ ನೋವು ಕೊಡೋ ಹಕ್ಕು ನಮಗಿಲ್ಲ. ಹಾಗಾಗಿ ಅಜ್ಜಿಯನ್ನೇ ಕೇಳಿದ್ವಿ, ಬೇಡ ಅಂದ್ರೆ ಅಲ್ಲಿಗೆ ಮುಗೀತು ಅಂತ ಮೊದಲೇ ಹೇಳಿ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ತೊದಲ್ತಾ ಅಂದ್ರು: “ಬರ್ಲಿ ಬಿಡ್ರಿ, ಸಣ್ಣ ಹುಡುಗಿ. ಒಬ್ಬಾಕೀನ ಬರ್ಲಿ. ಪರದಿ ಎಳದು ಬರ್ಲಿ.” ಈ ಮೂರು ವಾಕ್ಯಕ್ಕಿಂತ ಒಳ್ಳೆ ಲೆಸನ್ ಪ್ಲಾನ್ ನಾನು ಇನ್ನೂ ನೋಡಿಲ್ಲ.

ಮೊದಲ ದಿನ ನಾನೇ ಸ್ಪಾಂಜ್ ಬಾತ್ ಕೊಟ್ಟೆ, ಸ ನೀರು ಬಟ್ಟೆ ಕೊಡ್ತಾ ನಿಂತಿದ್ಲು. ಒರೆಸೋ ಭಾಗ ಮಾತ್ರ ತೆರೆದು ಉಳಿದದ್ದನ್ನ ಮುಚ್ಚೋದು, ಬಲವಿಲ್ಲದ ಕೈಯನ್ನ ಎತ್ತೋಕೆ ಮುಂಚೆ ‘ಎತ್ತಲೇನ್ರಿ ಅಜ್ಜಿ’ ಅನ್ನೋದು, ಅವಳಿಗೆ ಗೊತ್ತಿಲ್ಲದ್ದು ಏನೂ ಅಲ್ಲ, ಆದ್ರೆ ಜೀವ ಇರೋ ಮೈ ಮೇಲೆ ಅವಸರ ಇಲ್ಲದೆ ಯಾರಾದ್ರೂ ಮಾಡೋದನ್ನ ಅವಳು ನೋಡಿರ್ಲಿಲ್ಲ. ಮಾರನೇ ದಿನದಿಂದ ಅವಳೇ. ನಾನು ಹಸಿರು ಪರದೆ ಆಚೆ ಇರ್ತಿದ್ದೆ. ಮೊದಮೊದಲು ಒಳಗಿಂದ ಏನೂ ಕೇಳ್ತಿರ್ಲಿಲ್ಲ, ಇಬ್ರೂ ಬಿಗಿಯಾಗೇ ಇದ್ರು, ಆಮೇಲಾಮೇಲೆ ಅಜ್ಜಿ ಅವಳ ಊರು, ಹೊಲ, ಈ ಸಲ ಜೋಳ ಹೆಂಗೆ ಬಂತು ಅಂತ ವಿಚಾರಿಸೋಕೆ ಶುರು ಮಾಡಿದ್ರು.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಮುಂದಿನದು. ಅಜ್ಜಿ ಚಾರ್ಟಲ್ಲಿ ಕೆಲವು ದಿನದಿಂದ ‘ಅಪಟೈಟ್ ಪೂರ್’ ಅಂತ ಬರ್ತಿತ್ತು. ಇನ್‌ಟೇಕ್ ಕಮ್ಮಿ, ಯೂರಿನ್ ಬ್ಯಾಗಲ್ಲಿ ಬರ್ತಿದ್ದದ್ದು ಕಮ್ಮಿ ಮತ್ತು ಗಾಢ ಬಣ್ಣ, ಮೋಷನ್ ಆಗಿಲ್ಲ. ಒಬ್ಬಳು ಇನ್‌ಟೇಕ್ ಬರೀತಾಳೆ, ಇನ್ನೊಬ್ಬಳು ಬ್ಯಾಗ್ ಖಾಲಿ ಮಾಡ್ತಾಳೆ, ಮತ್ತೊಬ್ಬಳು ತಟ್ಟೆ ಎತ್ತಿಡ್ತಾಳೆ, ಮೂರನ್ನೂ ಸೇರಿಸಿ ನೋಡೋರು ಇರ್ಲಿಲ್ಲ. ಈಗ ಮೂರೂ ಸ ಕೈಲೇ ಇತ್ತು. ಅವಳು ಸ್ಟೂಲ್ ಮೇಲೆ ಕೂತು ಗಂಜಿ ಯಾಕೆ ಬಿಟ್ರಿ ಅಂತ ಕೇಳಿದ್ದಕ್ಕೆ ಅಜ್ಜಿ ಅಂದ್ರಂತೆ: “ಉಂಡ್ರ ಹೊರಕಡಿಗೆ ಬರ್ತೈತಲ್ಲ ಯವ್ವಾ. ಇಷ್ಟು ಮಂದ್ಯಾಗ ಹೆಂಗ ಮಾಡ್ಲಿ?” ಹಸಿವು ಇತ್ತು. ಬೆಡ್ ಪ್ಯಾನ್ ಕೇಳೋಕೆ ನಾಚಿಕೆ, ಪರದೆ ಇಲ್ಲದೆ ಮಾಡೋಕೆ ಅದಕ್ಕಿಂತ ನಾಚಿಕೆ, ಹಾಗಾಗಿ ಊಟ ನೀರು ಎರಡನ್ನೂ ತಾನೇ ಕಡಿಮೆ ಮಾಡ್ಕೊಂಡಿದ್ರು. ಸ ಓಡಿ ಬಂದು ಸಿಸ್ಟರ್‌ಗೆ ಹೇಳಿದ್ಲು, ಸಿಸ್ಟರ್ ಡಾಕ್ಟರ್‌ಗೆ. ಬೆಳಿಗ್ಗೆ ವಿಸಿಟರ್ಸ್ ಬರೋಕೆ ಮುಂಚೆ, ಪರದೆ ಎಳೆದು, ಮಗಳು ಪಕ್ಕದಲ್ಲಿರೋವಾಗ ಬೆಡ್ ಪ್ಯಾನ್ ಕೊಡೋ ಟೈಮ್ ಗೊತ್ತು ಮಾಡಿದ್ರು, ಮಲಬದ್ಧತೆಗೆ ಔಷಧಿ ಬರೆದ್ರು. ಊಟ ಮೆಲ್ಲಗೆ ಏರ್ತು, ಬ್ಯಾಗಿನ ಬಣ್ಣ ತಿಳಿಯಾಯ್ತು.

ಕಂಪ್ಯಾಷನ್ ಅನ್ನೋದು ಕೆಲಸ ಎಲ್ಲ ಮುಗಿದ್ಮೇಲೆ ಟೈಮ್ ಉಳಿದ್ರೆ ಮಾಡೋದು ಅಂತ ವಾದ ಮಾಡೋ ನನ್ನ ಸಹೋದ್ಯೋಗಿಗಳಿಗೆ ನಾನು ಈ ಚಾರ್ಟನ್ನೇ ಹೇಳ್ತೀನಿ. ಕೂತು ಕೇಳಿದ್ದೇ ಇಲ್ಲಿ ಅಸೆಸ್‌ಮೆಂಟ್. ಅದಾಗದೆ ಇದ್ದಿದ್ರೆ ಡ್ರಿಪ್ ಹಾಕಿ, ರೈಲ್ಸ್ ಟ್ಯೂಬ್ (ಮೂಗಿಂದ ಹೊಟ್ಟೆಗೆ ಹಾಕೋ ನಳಿಕೆ) ವಿಷಯ ಮಾತಾಡೋವರೆಗೂ ಹೋಗ್ತಿತ್ತೇನೋ.

ಅಜ್ಜಿ ಡಿಸ್ಚಾರ್ಜ್ ಆಗುವಾಗ ಮಗಳಿಗೆ ಹಾಸಿಗೇಲಿ ಮಗ್ಗುಲು ಬದಲಾಯಿಸೋದು, ಬೆನ್ನಿನ ಆರೈಕೆ ಹೇಳ್ಕೊಟ್ಟಿದ್ದು ಸ. ಕ್ಷಮೆ ಕೇಳಿದ್ಲಾ ಅಂತ ನಾನು ಕೇಳೋಕೆ ಹೋಗಿಲ್ಲ, ಅದು ಅವರಿಬ್ಬರಿಗೆ ಬಿಟ್ಟದ್ದು.

ಆಮೇಲೆ

ಎಲ್ಲ ಒಳ್ಳೇದಾಯ್ತು ಅಂತ ಬರೆದ್ರೆ ಓದಿದೋರಿಗೆ ಮೋಸ. ರ ಅಷ್ಟಾಗಿ ಬದಲಾಗ್ಲಿಲ್ಲ, ವಯಸ್ಸಾದೋರ ಜೊತೆ ಅವಳು ಈಗಲೂ ದೂರನೇ, ಆದ್ರೆ ಮಕ್ಕಳ ವಾರ್ಡಿಗೆ ಹೋದಾಗ ಅವಳೇ ಬೇರೆ, ಮಗು ಅತ್ತ್ರೆ ಮೊದಲು ಓಡೋಳು ಅವಳು. ಎಲ್ಲರೂ ಎಲ್ಲ ಕಡೆ ಒಂದೇ ತರ ಮೃದು ಆಗಿರ್ತಾರೆ ಅಂತ ನಿರೀಕ್ಷೆ ಇಟ್ಕೊಳ್ಳೋದು ಸರೀನಾ ಅನ್ನೋ ಪ್ರಶ್ನೆ ನನಗಿನ್ನೂ ಬಗೆಹರಿದಿಲ್ಲ. ಬ್ಯಾಚು ಮುಂದಿನ ಪೋಸ್ಟಿಂಗಿಗೆ ಬೇರೆ ಆಸ್ಪತ್ರೆಗೆ ಹೋಯ್ತು, ಅಲ್ಲಿ ಮತ್ತೆ ಬಿಪಿ ಇಬ್ಬರು ಟೆಂಪರೇಚರ್ ಇಬ್ಬರು. ಸ್ಟೂಲ್ ಮೇಲೆ ಕೂರೋ ಅಭ್ಯಾಸ ಕೆಲವ್ರಲ್ಲಿ ಉಳೀತು, ಸುಮಾರು ಜನರಲ್ಲಿ ಹೋಯ್ತು. ಸ ಫೋನ್ ಮಾಡಿ “ಇಲ್ಲಿ ಕೂತ್ರೆ ಬೈತಾರೆ ಮೇಡಂ” ಅಂದ್ಲು. ನಿಂತೇ ಇದ್ರೂ ಅವ್ರ ಮುಖ ನೋಡಿ ಮಾತಾಡು, ಪರದೆ ಮಾತ್ರ ಬಿಡಬೇಡ ಅಂತ ಹೇಳ್ದೆ. ಇತ್ತ ನಮ್ಮ ವಾರ್ಡಲ್ಲಿ ಇನ್‌ಚಾರ್ಜ್ ಸಿಸ್ಟರ್‌ಗೆ ಟ್ರಾನ್ಸ್‌ಫರ್ ಆಯ್ತು, ಹೊಸಬರು ಬಂದ್ಮೇಲೆ ಪೇಶೆಂಟ್ ಅಸೈನ್‌ಮೆಂಟ್ ವಾರಕ್ಕೆ ಎರಡು ದಿನಕ್ಕೆ ಇಳೀತು. ಹಸಿರು ಪರದೆ ಇದೆ.

ಕಾಗದದಲ್ಲಿ ಉಳಿದ ಬದಲಾವಣೆ ಒಂದೇ. ಪ್ರೊಸೀಜರ್ ಬುಕ್ಕಲ್ಲಿ ಪ್ರೈವಸಿ ಕೊಡಲಾಗಿದೆ ಅಂತ ಬರೆದ್ರೆ ಈಗ ನಾನು ಸೈನ್ ಹಾಕಲ್ಲ. ಏನಿಟ್ಟು ಮರೆ ಮಾಡಿದ್ರಿ, ಆಗ ಅಲ್ಲಿ ಯಾರಿದ್ರು, ಪೇಶೆಂಟ್ ಏನಂದ್ರು, ಈ ಮೂರನ್ನ ಬರೀಬೇಕು. ಪರದೆ ಸಿಗ್ಲಿಲ್ಲ ಅಂದ್ರೆ ಸಿಗ್ಲಿಲ್ಲ ಅಂತಲೇ ಬರೀಲಿ, ಅದಕ್ಕೆ ಮಾರ್ಕ್ಸ್ ಕಟ್ ಮಾಡಲ್ಲ. ಹಾಗೆ ಬರೆದ ಪುಟಗಳ ಝೆರಾಕ್ಸ್ ಸೇರಿಸಿ ಎರಡು ಸ್ಕ್ರೀನಿಗೆ ಮತ್ತೆ ಇಂಡೆಂಟ್ ಕೊಟ್ಟಿದೀವಿ, ಮುಂದಿನ ಬ್ಯಾಚು ಬರೋದ್ರೊಳಗೆ ಬೆಳಗಿನ ಪಾಳಿಗೆ ಇನ್ನೊಬ್ಬ ಟ್ಯೂಟರ್ ಬೇಕು ಅಂತಲೂ ಅದೇ ಅರ್ಜಿಲಿ ಬರೆದಿದೀವಿ.